ನನ್ನ ಸರ್ಟಿಫಿಕೇಟೂ ಅವರ ಸಂಕವೂ

ಮೊನ್ನೆ ಭಾನುವಾರ ಬೆಳಗ್ಗೆ ಚಿಕ್ಕಮ್ಮನ ಮಗ ಫೋನ್ ಮಾಡಿದ್ದ. ಇಂಜಿನಿಯರಿಂಗ್ ಓದ್ತಾ ಇದಾನೆ. ಭಾನುವಾರ ಹತ್ತು ಗಂಟೆಗೆ ಮುಂಚೆ ಹಾಸಿಗೆ ಬಿಡದ ಹುಡುಗ ಏಳೂವರೆಗೆ ಫೋನ್ ಮಾಡಿದಾನೆ ಅಂದ್ರೆ ಎಲ್ಲೋ ಎಡವಟ್ಟಾಗಿದೆ ಅಂತಲೇ ಲೆಕ್ಕ.

"ಅಣ್ಣಾ, ನಿಮ್ಮ ಆಫೀಸಲ್ಲಿ ಸಿಎಸ್‌ಆರ್ ಅಂತ ಏನೋ ಮಾಡ್ತಾರಲ್ಲ, ಅವರ ಲೆಟರ್‌ಹೆಡ್ಡಲ್ಲಿ ನನಗೊಂದು ಸರ್ಟಿಫಿಕೇಟ್ ಕೊಡಿಸ್ತೀಯಾ? ನಲವತ್ತು ಗಂಟೆ ಸಮಾಜಸೇವೆ ಮಾಡಿದೀನಿ ಅಂತ. ಪಾಯಿಂಟ್ ಕಮ್ಮಿ ಬಿದ್ದಿದೆ."

"ಮಾಡಿದೀಯಾ?"

"ಏನನ್ನ?"

"ಸಮಾಜಸೇವೆಯನ್ನ ಮಾರಾಯ!"

"ಸರ್ಟಿಫಿಕೇಟ್ ಸಿಕ್ಕಿದ್ರೆ ಮಾಡಿದ ಹಾಗೇ ಅಲ್ವಾ ಅಣ್ಣಾ?"

ರಿಪೋರ್ಟು ಆಗಲೇ ರೆಡಿ ಇತ್ತು. ವಾಟ್ಸಾಪಲ್ಲಿ ಕಳಿಸಿದ. ಹನ್ನೆರಡು ಪುಟ. ಚಾಟ್‌ಜಿಪಿಟಿ ಬರೆದುಕೊಟ್ಟಿದ್ದು ಅಂತ ಅವನೇ ನಗ್ತಾ ಒಪ್ಪಿಕೊಂಡ. ಕೊನೇ ಪುಟದಲ್ಲಿ 'ವೈಯಕ್ತಿಕ ಬೆಳವಣಿಗೆ' ಅಂತ ತಲೆಬರಹ. ಅದರ ಕೆಳಗೆ ನಾಯಕತ್ವ ಗುಣ, ಸಹಾನುಭೂತಿ, ತಂಡದಲ್ಲಿ ದುಡಿಯುವ ಶಕ್ತಿ, ಗ್ರಾಮೀಣ ಬದುಕಿನ ಅರಿವು... ಇನ್ನೂ ಕಾಲಿಡದ ಊರಿನಿಂದ ಹುಡುಗ ಇಷ್ಟೆಲ್ಲ ಬೆಳೆದು ಬಂದಿದ್ದ!

ನನಗೆ ಸಿಟ್ಟು ಬಂತು. ಬೈದೆ. ಹಿರಿಯಣ್ಣನ ಠೀವಿಯಲ್ಲಿ ಐದು ನಿಮಿಷ ಭಾಷಣ ಬಿಗಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲಗೆ ಅಂದ: "ನೀನೂ ಎನ್‌ಎಸ್‌ಎಸ್ ಕಥೆ ಹೇಳೇ ಅಲ್ವಾ ಕೆಲಸ ತಗೊಂಡಿದ್ದು? ನಾನು ಕೇಳಿದ್ರೆ ಮಾತ್ರ ಭಾಷಣ." ಫೋನ್ ಇಟ್ಟ.

ಅವತ್ತಿಡೀ ದಿನ ಆ ಮಾತು ಚುಚ್ಚುತ್ತಾ ಇತ್ತು. ಯಾಕಂದ್ರೆ ಅವನು ಹೇಳಿದ್ದು ನಿಜ. ಹಾಗಾಗಿ ಈ ಬರಹ. ಬೈಗುಳದಲ್ಲಿ ಅರ್ಧ ಪಾಲು ನನಗೇ ಅಂತ ಮೊದಲೇ ಹೇಳಿಬಿಡ್ತೀನಿ.

ಪಾಯಿಂಟಿನ ಗಲಾಟೆ ಗೊತ್ತಿಲ್ಲದವರಿಗೆ ಎರಡು ಮಾತು. 2018ರಲ್ಲಿ ವಿಟಿಯು ಕಾಲೇಜುಗಳಿಗೆ ಸೇರಿದವರಿಂದ ಶುರುವಾಗಿ ಎಐಸಿಟಿಇ ಚಟುವಟಿಕೆ ಪಾಯಿಂಟುಗಳು ಅಂತ ಬಂದವು. ನಾಲ್ಕು ವರ್ಷಕ್ಕೆ 100 ಪಾಯಿಂಟು. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರಿಗೆ 75. ಇವು ಸಿಜಿಪಿಎಗೆ ಸೇರೋದಿಲ್ಲ, ಆದರೆ ಇವಿಲ್ಲದೆ ಡಿಗ್ರಿ ಕೈಗೆ ಬರೋದಿಲ್ಲ. ಅದು ಸಾಲದು ಅಂತ ಆಮೇಲಿನ ಸ್ಕೀಮುಗಳಲ್ಲಿ ಮೂರನೇ ಸೆಮಿಸ್ಟರಿಗೆ 'ಸೋಶಿಯಲ್ ಕನೆಕ್ಟ್ ಅಂಡ್ ರೆಸ್ಪಾನ್ಸಿಬಿಲಿಟಿ' ಅಂತ ಒಂದು ವಿಷಯವೇ ಬಂತು. ಗಿಡ ನೆಟ್ಟು ದತ್ತು ತಗೊಳ್ಳೋದು, ನೀರು ಉಳಿಸೋದು, ಪರಂಪರೆಯ ನಡಿಗೆ, ಹೀಗೆ ಅದರಲ್ಲಿ ಏನೇನೋ ಇದೆ. ಇದನ್ನೆಲ್ಲ ಯೋಚಿಸಿದವರ ಮನಸ್ಸು ಕೆಟ್ಟದ್ದು ಅಂತ ನಾನು ಹೇಳ್ತಾ ಇಲ್ಲ. ಹುಡುಗರು ನಾಲ್ಕು ಗೋಡೆ ದಾಟಿ ಹೊರಗೆ ಹೋಗಲಿ ಅನ್ನೋದು ಒಳ್ಳೇ ಆಸೆಯೇ.

ನನ್ನ ತಕರಾರು ಬೇರೆ. ನಾನು ಈವರೆಗೆ ನೋಡಿದ ಇಂಥ ಕಾಗದಗಳಲ್ಲಿ ಸೇವೆ ಮಾಡಿದವನ ಸಹಿ ಇರುತ್ತೆ, ಮೇಷ್ಟ್ರ ಸಹಿ ಇರುತ್ತೆ, ಪ್ರಿನ್ಸಿಪಾಲರ ಸೀಲು ಇರುತ್ತೆ. ಸೇವೆ ಯಾರಿಗೆ ಆಯ್ತೋ ಅವರು ಒಂದು ಮಾತು ಹೇಳೋಕೆ ಒಂದು ಗೆರೆ ಜಾಗವೂ ಇರಲ್ಲ. ಹುಡುಗ ಎಷ್ಟು ಬೆಳೆದ ಅಂತ ಒಂದು ಪುಟ ಬರೆಸ್ತಾರೆ. ಊರಿಗೆ ಏನಾಯ್ತು ಅಂತ ಯಾರೂ ಕೇಳಲ್ಲ. ಸೇವೆಯ ಲೆಕ್ಕ ಕೇಳಬೇಕಾದ್ದು ಕಾಲೇಜಲ್ಲ, ಆ ಊರು. ಇದೊಂದನ್ನ ಹೇಳೋಕೆ ಇಷ್ಟುದ್ದ ಬರೀತಾ ಇದೀನಿ, ತಾಳ್ಮೆ ಇರಲಿ.

ಕಡ್ಡಾಯ ಮಾಡಬೇಕೋ ಬೇಡವೋ ಅನ್ನೋ ಜಗಳ ನಮ್ಮಪ್ಪನ ವಯಸ್ಸಿಗಿಂತ ಹಳೇದು. ಸ್ವಾತಂತ್ರ್ಯ ಬಂದ ಹೊಸತರಲ್ಲೇ ರಾಧಾಕೃಷ್ಣನ್ ಅಧ್ಯಕ್ಷತೆಯ ಶಿಕ್ಷಣ ಆಯೋಗ, ವಿದ್ಯಾರ್ಥಿಗಳ ಸೇವೆ ಅವರ ಇಷ್ಟದಿಂದ ಆಗಲಿ ಅಂದಿತ್ತು. 1959-60ರ ಹೊತ್ತಿಗೆ ಸಿ.ಡಿ. ದೇಶಮುಖ್ ಸಮಿತಿ ಉಲ್ಟಾ ಹೇಳಿತು: ಹೈಸ್ಕೂಲು ಮುಗಿಸಿ ಕಾಲೇಜಿಗೆ ಹೋಗೋರಿಗೆ ಒಂಬತ್ತು ತಿಂಗಳಿಂದ ಒಂದು ವರ್ಷ ಸೇವೆ ಕಡ್ಡಾಯ ಮಾಡಿ ಅಂತ. ಅದಕ್ಕೆ ಬೇಕಾದ ದುಡ್ಡಿನ ಲೆಕ್ಕ ನೋಡಿ ಸರ್ಕಾರ ಕೈಬಿಟ್ಟಿತು. ಆಮೇಲೆ ಕೆ.ಜಿ. ಸೈಯದೈನ್ ಹಲವಾರು ದೇಶಗಳಲ್ಲಿ ಇದು ಹೇಗೆ ನಡೀತಿದೆ ಅಂತ ಅಧ್ಯಯನ ಮಾಡಿ, ಬೇಡ, ಇಷ್ಟ ಇದ್ದೋರೇ ಬರಲಿ ಅಂದರು. ಕೊನೆಗೆ ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, ಆಗಿನ ಕೇಂದ್ರ ಶಿಕ್ಷಣ ಮಂತ್ರಿ ವಿ.ಕೆ.ಆರ್.ವಿ. ರಾವ್ 37 ವಿಶ್ವವಿದ್ಯಾಲಯಗಳಲ್ಲಿ ಎನ್‌ಎಸ್‌ಎಸ್ ಶುರು ಮಾಡಿದರು. ಮುಂದೆ ಬೆಂಗಳೂರಿನಲ್ಲಿ ಐಸೆಕ್ ಕಟ್ಟಿದರಲ್ಲ, ಅದೇ ರಾವ್. ಮೊದಲ ವರ್ಷ 40,000 ವಿದ್ಯಾರ್ಥಿಗಳು. ಧ್ಯೇಯವಾಕ್ಯ: ನನಗಲ್ಲ, ನಿನಗೆ. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ, ಜೊತೆಗೆ ಏಳು ದಿನದ ಒಂದು ಕ್ಯಾಂಪು.

'ನನಗಲ್ಲ, ನಿನಗೆ' ಅಂತ ಶುರುವಾದದ್ದು ಈಗ 'ನಿನ್ನಿಂದ ನನಗೆ' ಅಂತ ಆಗಿದೆ. ಹೇಗಾಯ್ತು ಅಂತ ನನ್ನ ಕಥೆಯಿಂದಲೇ ಹೇಳ್ತೀನಿ.

ನಾನು ಕಡೂರಿನವನು. ಇಂಜಿನಿಯರಿಂಗ್ ಸೇರಿದ್ದು 2016ರಲ್ಲಿ, ಘಟ್ಟದ ಕೆಳಗಿನ ಒಂದು ಕಾಲೇಜಿಗೆ. ಮೊದಲನೇ ವರ್ಷ ಎನ್‌ಎಸ್‌ಎಸ್ ಸೇರಿದೆ. ದೇಶಸೇವೆಗೆ ಅಂದುಕೊಂಡ್ರಾ? ಶನಿವಾರದ ಡ್ರಾಯಿಂಗ್ ಕ್ಲಾಸು ತಪ್ಪಿಸೋಕೆ ಸ್ವಾಮಿ! ಎನ್‌ಎಸ್‌ಎಸ್‌ನವರಿಗೆ ಅಟೆಂಡೆನ್ಸ್ ಕೊಡ್ತಾರೆ, ಮಧ್ಯಾಹ್ನ ಪಲಾವ್ ಕೊಡ್ತಾರೆ ಅಂತ ಸೀನಿಯರೊಬ್ಬ ಹೇಳಿದ್ದ. ಎರಡೂ ನಿಜವಾಗಿತ್ತು.

2017ರ ಜನವರಿಯಲ್ಲಿ, ಮೊದಲ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ, ಏಳು ದಿನದ ಕ್ಯಾಂಪು. ಸಂಸೆಯಿಂದ ಒಳಗೆ, ಕುದುರೆಮುಖದ ಬುಡದಲ್ಲಿ ಒಂದು ಊರು. ಹೆಸರು ಬೇಡ, ಅಲ್ಲಿಯವರು ಇದನ್ನ ಓದಿದರೆ ನನಗೇ ನಾಚಿಕೆ. ಬಸ್ಸು ಕಾರ್ಕಳ ದಾಟಿ, ಮಾಳ ದಾಟಿ, ಎಸ್.ಕೆ. ಬಾರ್ಡರ್ ಹತ್ತಿತು. ಕುದುರೆಮುಖ ನಮ್ಮದೇ ಜಿಲ್ಲೆ ಅಂತ ಪುಸ್ತಕದಲ್ಲಿ ಓದಿದ್ದೆ ಅಷ್ಟೇ. ನಮ್ಮ ಕಡೂರಲ್ಲಿ ವರ್ಷಕ್ಕೆ ಬೀಳೋ ಮಳೆ ಆರುನೂರು ಮಿಲಿಮೀಟರ್ ಆಸುಪಾಸು. ಕುದುರೆಮುಖದಲ್ಲಿ ಅದರ ಹತ್ತರಷ್ಟಕ್ಕೂ ಮೇಲೆ. ನಮ್ಮಲ್ಲಿ ಬೇಸಿಗೆ ಬಂದ್ರೆ ಟ್ಯಾಂಕರ್ ಹಿಂದೆ ಕೊಡ ಹಿಡ್ಕೊಂಡು ಓಡ್ತೀವಿ. ಇಲ್ಲಿ ರಸ್ತೆ ಪಕ್ಕದ ಬಂಡೆಯಲ್ಲೂ ನೀರು ಜಿನುಗ್ತಾ ಇತ್ತು. ಗಣಿ ನಿಂತ ಮೇಲೆ ಖಾಲಿಯಾದ ಕುದುರೆಮುಖದ ಟೌನ್‌ಶಿಪ್ ಕಿಟಕಿಯಾಚೆ ಹಾದುಹೋಯ್ತು. ನಾವು ಅಂತ್ಯಾಕ್ಷರಿಯಲ್ಲಿ ಮುಳುಗಿದ್ವಿ.

ಊರಲ್ಲಿ ಇಳಿದ ಮೇಲೆ ಕೆಲಸದ ಪಟ್ಟಿ ಓದಿದರು. ಶಾಲೆ ಆವರಣ ಸ್ವಚ್ಛತೆ, ಸ್ವಚ್ಛ ಭಾರತ ಜಾಥಾ, ಬೀದಿ ನಾಟಕ, 200 ಸಸಿ ನೆಡುವುದು.

ಹೌದು ಸ್ವಾಮಿ, ಕುದುರೆಮುಖದಲ್ಲಿ ಗಿಡ ನೆಡೋಕೆ ಹೋಗಿದ್ವಿ! 1987ರಿಂದ ರಾಷ್ಟ್ರೀಯ ಉದ್ಯಾನ ಅನ್ನಿಸಿಕೊಂಡ, 600 ಚದರ ಕಿಲೋಮೀಟರ್ ಕಾಡಿನ ಮಗ್ಗುಲಲ್ಲಿ! ಅದೂ ಜನವರಿಯಲ್ಲಿ. ಅದೂ ಅಕೇಶಿಯಾ. ಅದೂ ರಸ್ತೆ ಮೇಲ್ಗಡೆಯ ಹುಲ್ಲಿನ ಗುಡ್ಡದ ಮೇಲೆ. ಆ ಕಡೆಯ ಗುಡ್ಡಗಳನ್ನ ನೋಡಿದವರಿಗೆ ಗೊತ್ತು, ನೆತ್ತಿಯಲ್ಲಿ ಹುಲ್ಲು, ಮಡಿಕೆಗಳಲ್ಲಿ ಶೋಲಾ ಕಾಡು. ಅದು ಇರೋದೇ ಹಾಗೆ. ಆ ಹುಲ್ಲೇ ಮಳೆನೀರನ್ನ ಹೀರಿ ಹಿಡಿದು ಹಳ್ಳಗಳಿಗೆ ಬಿಡೋದು, ಭದ್ರೆಯನ್ನ ತುಂಬಿಸೋದು. ಬಯಲುಸೀಮೆಯ ನನ್ನ ಕಣ್ಣಿಗೆ ಅದು 'ಬೋಳು ಗುಡ್ಡ'. ಬೋಳು ಕಂಡಲ್ಲಿ ಗಿಡ ನೆಡಬೇಕು, ಅಷ್ಟೇ ಗೊತ್ತಿದ್ದದ್ದು. ಕಡೂರಲ್ಲಾಗಿದ್ರೆ ಆ 200 ಸಸಿಗೆ, ಅಕೇಶಿಯಾ ಬಿಟ್ಟು ಹೊಂಗೆ ಬೇವು ಆಗಿದ್ರೆ, ಒಂದು ಬೆಲೆ ಇರ್ತಿತ್ತು. ಆದರೆ ಪಟ್ಟಿ ಮಾಡಿದವರಿಗೆ ಕಡೂರೂ ಒಂದೇ, ಕುದುರೆಮುಖವೂ ಒಂದೇ.

ಮೂರನೇ ದಿನ ಗುಂಡಿ ತೋಡ್ತಾ ಇದ್ದಾಗ ಹಳ್ಳದಾಚೆ ಮನೆಯ ಅಜ್ಜಿ ಸೊಪ್ಪಿನ ಹೊರೆ ಇಳಿಸಿ ನಿಂತರು.

"ಎಂತ ಮಾಡ್ತಿದೀರಿ ಮಕ್ಳೇ?"

"ಗಿಡ ನೆಡ್ತಿದೀವಿ ಅಜ್ಜಿ."

"ಈಗ್ಲಾ? ನೀರು ಯಾರು ಹಾಕೋದು?"

ನಾವು ಮುಖ ಮುಖ ನೋಡಿಕೊಂಡ್ವಿ. ನಮ್ಮ ಕ್ಯಾಂಪು ಇನ್ನು ನಾಲ್ಕು ದಿನ. ಮಳೆ ಬರೋಕೆ ಇನ್ನೂ ತಿಂಗಳುಗಟ್ಟಲೆ.

ಅಜ್ಜಿ ಬೈಯಲಿಲ್ಲ. "ಇಷ್ಟು ಜನ ಗಂಡುಮಕ್ಳು ಇದೀರಿ. ನಮ್ಮ ಸಂಕಕ್ಕೆ ನಾಲ್ಕು ಮರ ಹೊತ್ಕೊಟ್ಟಿದ್ರೆ ಆಗ್ತಿತ್ತು" ಅಂದರು, ಹೊರೆ ಎತ್ತಿಕೊಂಡು ಹೋದರು.

ಸಂಕ ಅಂದ್ರೆ ಬಯಲುಸೀಮೆಯ ಓದುಗರಿಗೆ ಗೊತ್ತಿರಲಿಕ್ಕಿಲ್ಲ. ನನಗೂ ಗೊತ್ತಿರಲಿಲ್ಲ. ಹಳ್ಳಕ್ಕೆ ಅಡ್ಡ ಮೂರೋ ನಾಲ್ಕೋ ಅಡಿಕೆ ಮರ ಹಾಕಿ ಕಟ್ಟಿದ ಕಾಲುಸೇತುವೆ. ಬೇಸಿಗೆಯಲ್ಲಿ ಹಳ್ಳಕ್ಕೇ ಇಳಿದು ದಾಟಬಹುದು. ಜೂನ್ ಬಂದರೆ ಅದೇ ಹಳ್ಳ ಎದೆಮಟ್ಟ ಕೆಂಪಗೆ ಹರಿಯುತ್ತೆ. ಆಗ ಮಕ್ಕಳು ಸ್ಕೂಲಿಗೆ ಹೋಗಬೇಕಾದ್ರೂ, ಬಸುರಿಯರು ಆಸ್ಪತ್ರೆಗೆ ಹೋಗಬೇಕಾದ್ರೂ ಸಂಕವೇ ಗತಿ. ಅಡಿಕೆ ಮರ ಬೇಗ ಕುಂಬಾಗುತ್ತೆ, ಹಾಗಾಗಿ ಮಳೆಗಾಲಕ್ಕೆ ಮುಂಚೆ ಹೊಸದಾಗಿ ಹಾಕಬೇಕು. ಕಾಡಂಚಿನ ಮನೆಗಳಿಗೆ ಪಕ್ಕಾ ಸೇತುವೆ ಬೇಕು ಅಂದ್ರೆ ಅನುದಾನ ಸಿಗಬೇಕು, ಅದರ ಮೇಲೆ ಅರಣ್ಯದ ಅನುಮತಿ ಸಿಗಬೇಕು. ಸಂಕ ಜಾರೋದು ಅಂದ್ರೆ ತಮಾಷೆಯಲ್ಲ. 2022ರ ಮಳೆಗಾಲದಲ್ಲಿ ಬೈಂದೂರು ಕಡೆ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಸ್ಕೂಲಿಂದ ಬರ್ತಾ ಕಾಲುಸಂಕದಿಂದ ಬಿದ್ದು ಕೊಚ್ಚಿಹೋದದ್ದನ್ನ ನೀವೂ ಓದಿರ್ತೀರಿ.

ಸಂಜೆ ನಮ್ಮ ಮೇಷ್ಟ್ರಿಗೆ ಹೇಳಿದೆ. ಒಳ್ಳೇ ಮನುಷ್ಯ. ನೂರು ಹುಡುಗರ ಊಟ, ಜ್ವರ, ಜಗಳ ಎಲ್ಲ ಒಬ್ಬರೇ ನೋಡ್ಕೊಳ್ತಾ ಇದ್ದರು. "ಅದು ಪಟ್ಟಿಯಲ್ಲಿಲ್ಲ ಕಣಯ್ಯಾ. ಯಾರಾದ್ರೂ ಜಾರಿ ಕಾಲು ಮುರ್ಕೊಂಡ್ರೆ ಜವಾಬ್ದಾರಿ ಯಾರು? ಅಲ್ಲದೆ ಸಂಕ ಹಾಕೋದು ಮೇ ತಿಂಗಳಲ್ಲಿ, ನಾವು ಬಂದಿರೋದು ಜನವರೀಲಿ" ಅಂದರು. ಅವರ ಮಾತಲ್ಲಿ ತಪ್ಪೇನಿತ್ತು ಹೇಳಿ? ತಪ್ಪು ಕ್ಯಾಲೆಂಡರಿನದು. ಕ್ಯಾಂಪು ಇರೋದು ನಮ್ಮ ಪರೀಕ್ಷೆ ಮುಗಿದಾಗ. ಊರಿಗೆ ಜನ ಬೇಕಾಗೋದು ಮಳೆಗೆ ಮುಂಚೆ. ಊರಿಂದ ನಮಗೆ ಒಂದು ಪ್ರಶಂಸಾ ಪತ್ರವೂ ಸಿಕ್ಕಿತ್ತು ಅನ್ನಿ. ಅದಕ್ಕೆ ಉದ್ಘಾಟನೆ ದಿನವೇ ಸಹಿ ಹಾಕಿಸಿಕೊಂಡಿದ್ವಿ, ಕೊನೇ ದಿನ ಗಡಿಬಿಡಿ ಆಗಬಾರದು ಅಂತ.

200 ಸಸಿ ನೆಟ್ಟ್ವಿ. ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಂಡ್ವಿ. ಕ್ಯಾಂಪ್‌ಫೈರ್ ಮುಂದೆ ಅತ್ತ್ವಿ ಕೂಡ, 'ಈ ಏಳು ದಿನ ನಮ್ಮ ಬದುಕನ್ನೇ ಬದಲಿಸಿತು' ಅಂತ. ವಾಪಸ್ ಬಂದ್ವಿ.

ಆ ಸಂಕದ ಮಾತು ಮಾತ್ರ ನನ್ನ ರೂಮ್‌ಮೇಟಿನ ತಲೆಯಿಂದ ಹೋಗಲಿಲ್ಲ. ಸಕಲೇಶಪುರದ ಹುಡುಗ, ಅವನಿಗೆ ಸಂಕ ಅಂದ್ರೇನು ಅಂತ ಗೊತ್ತಿತ್ತು. ಮೇ ಕೊನೇ ವಾರ ಅವನೇ ಹೊರಡಿಸಿದ. ನಾಲ್ಕೇ ಜನ. ಬ್ಯಾನರ್ ಇಲ್ಲ, ಅಟೆಂಡೆನ್ಸ್ ಇಲ್ಲ, ಪಲಾವ್ ಇಲ್ಲ. ದಾರಿಯಲ್ಲಿ ಆ ಗುಡ್ಡ ಕಾಣಿಸ್ತು. ನಮ್ಮ 200 ಸಸಿಗಳ ಗುಂಡಿ ಇದ್ದವು, ಸಸಿ ಇರಲಿಲ್ಲ. ಹುಲ್ಲು ಮಾತ್ರ ಮೊದಲ ಮಳೆಗೆ ಹಸಿರಾಗಿ ನಗ್ತಾ ಇತ್ತು.

ಅಜ್ಜಿ ಮನೆಯ ಯಜಮಾನರು ನಮ್ಮನ್ನ ನೋಡಿ "ಹ್ವಾಯ್, ನಿಜವಾಗ್ಲೂ ಬಂದ್ರಲ್ಲ!" ಅಂದರು. ಮುರಿದು ಬಿದ್ದಿದ್ದ ಅಡಿಕೆ ಮರಗಳನ್ನ ತೋಟದಿಂದ ಹಳ್ಳದ ತನಕ ಹೊರಬೇಕು. ಹಸಿ ಅಡಿಕೆ ಮರ ಎಷ್ಟು ಭಾರ ಇರುತ್ತೆ ಅಂತ ಹೊತ್ತವರನ್ನೇ ಕೇಳಿ. ಆ ಸೆಮಿಸ್ಟರಿನಲ್ಲೇ ನಾವು ಮೆಕ್ಯಾನಿಕ್ಸ್ ಓದಿದ್ದೆವು, ತೊಲೆಯ ಮೇಲೆ ಭಾರ ಬಿದ್ದರೆ ಎರಡೂ ತುದಿಯ ಆಸರೆ ಎಷ್ಟೆಷ್ಟು ಹೊರುತ್ತೆ ಅಂತ ಪುಟಗಟ್ಟಲೆ ಲೆಕ್ಕ ಮಾಡಿದ್ದೆವು. ಹಳ್ಳದ ದಡದಲ್ಲಿ ನಿಂತು ನಾಲ್ಕೂ ಮರದ ಬುಡ ಒಂದೇ ಕಡೆ ಇಟ್ಟೆವು. ಯಜಮಾನರು ನಕ್ಕು ಒಂದರ ಬುಡ ಈಚೆಗೆ, ಇನ್ನೊಂದರ ಬುಡ ಆಚೆಗೆ ತಿರುಗಿಸಿದರು. "ತುದಿ ಎಲ್ಲಾ ಒಂದೇ ಬದಿಗೆ ಬಂದ್ರೆ ಅಲ್ಲೇ ಮುರೀತದೆ" ಅಂದರು. ಆಮೇಲೆ ಹಗ್ಗ ತಂದು ಒಂದು ತುದಿಯನ್ನ ದಡದ ಮರಕ್ಕೆ ಸಡಿಲವಾಗಿ ಕಟ್ಟಿಸಿದರು. ನೆರೆ ಬಂದು ಸಂಕ ಎತ್ತಿ ಹಾಕಿದರೂ ಹಗ್ಗದ ಬುಡದಲ್ಲೇ ದಡಕ್ಕೆ ಬಂದು ನಿಲ್ಲಬೇಕು, ಹಳ್ಳದ ಪಾಲಾಗಬಾರದು ಅಂತ. ಬಿದಿರಿನ ಕೈಹಿಡಿ ಕಟ್ಟಿದ್ದು ಎರಡನೇ ದಿನ. ಅವರ ಮೊಮ್ಮಗಳು, ಮೂರನೇ ಕ್ಲಾಸು ಮುಗಿಸಿದ್ದಳು, ಮೊದಲು ದಾಟಿದಳು. ಕಾಲಿಗೆಲ್ಲ ಇಂಬಳ ಹತ್ತಿಸಿಕೊಂಡು, ಅಕ್ಕಿ ರೊಟ್ಟಿ ಹಲಸಿನಕಾಯಿ ಪಲ್ಯ ತಿಂದು ವಾಪಸ್ ಬಂದ್ವಿ.

2018ರ ಮೇನಲ್ಲೂ ಹೋದ್ವಿ, ಆರು ಜನ. ಅಷ್ಟೊತ್ತಿಗೆ ನಾವು ಪಳಗಿದ್ವಿ. ಒಂದೇ ದಿನಕ್ಕೆ ಮುಗಿಸಿದ್ವಿ. ಹೊರಡೋವಾಗ ನಾನೇ, ಈ ಬಾಯಲ್ಲೇ ಹೇಳಿದೆ: "ಮುಂದಿನ ವರ್ಷವೂ ಮೇ ಕೊನೇ ವಾರ ಬಂದೇ ಬರ್ತೀವಿ. ನೀವು ಆಳು ಹುಡುಕೋಕೆ ಹೋಗಬೇಡಿ."

2019ರ ಮೇನಲ್ಲಿ ನಾವು ಹೋಗಲಿಲ್ಲ.

ದೊಡ್ಡ ಕಾರಣ ಏನಿಲ್ಲ. ಪ್ಲೇಸ್‌ಮೆಂಟ್ ಹತ್ತಿರ ಬಂದಿತ್ತು. ದುಡ್ಡು ಕಟ್ಟಿ ಆಪ್ಟಿಟ್ಯೂಡ್ ಕ್ಲಾಸಿಗೆ ಸೇರಿದ್ವಿ. 'ಮುಂದಿನ ವಾರ ಹೋಗೋಣ' ಅಂದ್ವಿ, ಆಮೇಲೆ ಅದರ ಮುಂದಿನ ವಾರ. ಅಷ್ಟರಲ್ಲಿ ಮಳೆ ಹಿಡೀತು. ಒಂದು ಫೋನೂ ಮಾಡಲಿಲ್ಲ, ಏನಂತ ಮಾಡೋದು ಅಂತ ಮುಜುಗರ.

2019ರ ಆಗಸ್ಟ್ ನೆನಪಿದೆಯಲ್ಲ? ಮೂಡಿಗೆರೆ ತಾಲ್ಲೂಕಲ್ಲಿ ಗುಡ್ಡಗಳೇ ಕುಸಿದವು. ಮಲೆಮನೆ, ಮಧುಗುಂಡಿ ಅಂತ ಹೆಸರೇ ಕೇಳದ ಊರುಗಳು ಟೀವಿಯಲ್ಲಿ ಬಂದವು. ಕಳಸದ ಹತ್ತಿರ ಹೆಬ್ಬಾಳೆ ಸೇತುವೆ ಮೇಲೆ ಭದ್ರೆ ಹರೀತಾ ಇತ್ತು. ಅದೇ ದಿನಗಳಲ್ಲಿ ನಾನು ಟೈ ಕಟ್ಟಿಕೊಂಡು ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಕೂತಿದ್ದೆ. ಎಚ್‌ಆರ್ ಮೇಡಂ ಕೇಳಿದರು, ನೀವು ಸಮಾಜಕ್ಕೆ ಏನಾದ್ರೂ ಮಾಡಿದೀರಾ ಅಂತ. ನಾನು ಸಂಕದ ಕಥೆ ಹೇಳಿದೆ. ಚೆನ್ನಾಗೇ ಹೇಳಿದೆ. ಇಂಬಳದ ವಿಷಯ ಬಂದಾಗ ಅವರು ನಕ್ಕರು, ಮೊಮ್ಮಗಳು ದಾಟಿದ ವಿಷಯ ಬಂದಾಗ ಬರ್ಕೊಂಡರು. ಕೆಲಸ ಸಿಕ್ಕಿತು.

ಡಿಸೆಂಬರಲ್ಲಿ, ಮನಸ್ಸು ತಡೀದೆ, ಒಬ್ಬನೇ ಹೋದೆ. ಅಜ್ಜಿ ಕಾಫಿ ಕೊಟ್ಟರು. ಎಲ್ಲರೂ ಆರಾಮಿದ್ದರು, ದೇವರು ದೊಡ್ಡವನು. ಮೊಮ್ಮಗಳು ಕಾಣಲಿಲ್ಲ. ಕೇಳಿದೆ.

"ಅವಳೀಗ ಕಳಸದಲ್ಲಿ ಹಾಸ್ಟೆಲ್ಲಲ್ಲಿ ಇದಾಳೆ. ಈ ಸಲ ಸಂಕ ಸರಿಯಾಗ್ಲಿಲ್ಲ ನೋಡು. ನೀವು ಬರ್ತೀರಂತ ಇವರು ಆಳು ಕರೀಲಿಲ್ಲ. ಮತ್ತೆ ಮಳೆ ಹಿಡ್ದ ಮೇಲೆ ಯಾರು ಸಿಗ್ತಾರೆ? ಇವರೊಬ್ರೇ ಎರಡು ಮರ ಹಾಕಿದ್ರು. ಜುಲೈಯಲ್ಲೇ ಹೋಯ್ತು."

ಇಷ್ಟು ಹೇಳಿ ಇನ್ನೊಂದು ಲೋಟ ಕಾಫಿ ಬೇಕಾ ಅಂತ ಕೇಳಿದರು. ಬೈದಿದ್ರೆ ಒಳ್ಳೇದಿತ್ತು.

ನಾನು ಎಚ್‌ಆರ್ ಮೇಡಂಗೆ ಸಂಕದ ಕಥೆ ಹೇಳ್ತಾ ಇದ್ದಾಗ ಹಳ್ಳದ ಮೇಲೆ ಸಂಕವೇ ಇರಲಿಲ್ಲ. ಹತ್ತು ಹನ್ನೊಂದು ವರ್ಷದ ಹುಡುಗಿ ಮನೆ ಬಿಟ್ಟು ಹಾಸ್ಟೆಲ್ ಸೇರಿದ್ದಳು. ನನ್ನ ರೆಸ್ಯೂಮೆಯಲ್ಲಿ ಮಾತ್ರ ಅದು ಗಟ್ಟಿಯಾಗಿ ನಿಂತಿತ್ತು. 240 ಗಂಟೆಯ ಸರ್ಟಿಫಿಕೇಟೂ ಸಿಕ್ಕಿತ್ತು. ಅದರಲ್ಲಿ ಸತ್ತ 200 ಸಸಿಯ ಗಂಟೆಗಳಿವೆ. ಸಂಕದ ಗಂಟೆಗಳಿಲ್ಲ, ಮಾತು ಕೊಟ್ಟು ಹೋಗದೇ ಇದ್ದ ಗಂಟೆಗಳೂ ಇಲ್ಲ.

ಈಗ ಹೇಳಿ, ನಾನು ಬೆಳೆದೆನಾ? ಬೆಳೆದೆ. ಸುಳ್ಳು ಯಾಕೆ. ನಾಲ್ಕು ಜನರ ಮುಂದೆ ಮಾತಾಡೋಕೆ ಬಂತು, ಕೆಲಸ ಬಂತು, ಸಂಬಳ ಬಂತು. ಪ್ರಶ್ನೆ ಅದಲ್ಲ. ಯಾರ ಖರ್ಚಲ್ಲಿ ಬೆಳೆದೆ ಅನ್ನೋದು ಪ್ರಶ್ನೆ.

ಇದಕ್ಕೆ ಬರೋ ಉತ್ತರಗಳು ನನಗೆ ಗೊತ್ತು. ಮೊದಲನೇದು, 'ಕಡ್ಡಾಯ ಮಾಡದಿದ್ರೆ ಯಾರೂ ಹೋಗಲ್ಲ.' ಸರಿ, ಒಪ್ಪಿದೆ. ಪಲಾವಿಗೆ ಸೇರಿದವನು ನಾನು, ಕಡ್ಡಾಯದ ಬಗ್ಗೆ ಮಾತಾಡೋಕೆ ನನಗೆ ಬಾಯಿಲ್ಲ. ಯಾವ ಕಾರಣಕ್ಕೆ ಬಂದರು ಅನ್ನೋದು ಅಜ್ಜಿಗೂ ಮುಖ್ಯ ಆಗಿರಲಿಲ್ಲ. ಮರ ಹೊತ್ತರಾ ಇಲ್ವಾ, ಅಷ್ಟೇ. ಕಡ್ಡಾಯ ಮಾಡಿ, ಬೇಡ ಅನ್ನಲ್ಲ. ಆದರೆ ಗಂಟೆ ಎಣಿಸಬೇಡಿ. ಗಂಟೆ ಎಣಿಸಿದರೆ ಹುಡುಗರು ಗಂಟೆಯನ್ನೇ ತಂದು ಕೊಡ್ತಾರೆ. ನಾವು ಸಾಫ್ಟ್‌ವೇರ್‌ನವರು ದಿನಾ ಇದನ್ನೇ ನೋಡ್ತೀವಲ್ಲ? ಮ್ಯಾನೇಜರ್ ಮುಚ್ಚಿದ ಬಗ್‌ಗಳ ಸಂಖ್ಯೆ ಕೇಳಿದ್ರೆ, ಬಗ್ ಹೋಗಲಿ ಬಿಡಲಿ, ಟಿಕೆಟ್ ಅಂತೂ ಮುಚ್ಚುತ್ತೆ.

ಎರಡನೇದು, 'ಏನೂ ಮಾಡದೇ ಇರೋದಕ್ಕಿಂತ ಏನೋ ಒಂದು ಮಾಡೋದು ವಾಸಿ.' ಇದನ್ನ ನಾನು ಒಪ್ಪಲ್ಲ. 2019ರಲ್ಲಿ ನಾವು ಆ ಊರಿಗೆ ಪರಿಚಯವೇ ಇಲ್ಲದವರಾಗಿದ್ದರೆ ಯಜಮಾನರು ಎಂದಿನಂತೆ ಆಳು ಕರೆದು ನಾಲ್ಕು ಮರ ಹಾಕಿಸ್ತಿದ್ದರು. ನಮಗೆ ಮುಂಚೆಯೂ ಅವರು ಹಳ್ಳ ದಾಟ್ತಾ ಇದ್ದರು. ನಾವು ಅರ್ಧ ಮಾಡಿ ಬಿಟ್ಟದ್ದು, ಏನೂ ಮಾಡದೇ ಇದ್ದದ್ದಕ್ಕಿಂತ ಕೆಟ್ಟದ್ದಾಯ್ತು.

ಮೂರನೇದು, 'ಹದಿನೆಂಟು ವರ್ಷದ ಹುಡುಗರು, ಅವರಿಂದ ಊರು ಉದ್ಧಾರ ಆಗುತ್ತಾ? ಅವರು ನಾಲ್ಕು ವಿಷಯ ಕಲಿತರೆ ಸಾಕು.' ಕಲಿಯೋಕೆ ಹೋಗೋದಾದ್ರೆ ಕಲಿಯೋಕೆ ಅಂತಲೇ ಹೋಗಿ ಸ್ವಾಮಿ, ಸೇವೆ ಅಂತ ಯಾಕೆ ಹೇಳ್ತೀರಿ? ಯಜಮಾನರು ನಮಗೆ ಪುಕ್ಕಟೆ ಪಾಠ ಹೇಳಿಕೊಟ್ಟರು, ಊಟ ಹಾಕಿದರು. ಸರ್ಟಿಫಿಕೇಟ್ ಮಾತ್ರ ನಮಗೆ!

ಕುದುರೆಮುಖದ್ದೇ ಇನ್ನೊಂದು ಉದಾಹರಣೆ ಕೊಡ್ತೀನಿ. ಅಲ್ಲಿನ ಗಣಿಗಾರಿಕೆ ನಿಂತದ್ದು ಒಂದು ದಿನದ ಜಾಥಾದಿಂದಲ್ಲ. ಊರೂರಲ್ಲಿ ವರ್ಷಗಟ್ಟಲೆ ಹೋರಾಟ ನಡೀತು. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ, ಕೆಲಸ ಬಿಟ್ಟ ಮೇಲೂ ಸುಮ್ಮನೆ ಕೂರದೆ, ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ಕ್ಕೆ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಆ ತೀರ್ಪಿಂದ ಕೆಲಸ ಕಳಕೊಂಡ ಕುಟುಂಬಗಳ ಕಷ್ಟ ಸಣ್ಣದಲ್ಲ, ಅದನ್ನ ಮರೆತು ಮಾತಾಡಬಾರದು. ಆದರೆ ಚಿಣ್ಣಪ್ಪನವರು ಕೊಡಗಿನವರು, ಕುದುರೆಮುಖ ಅವರ ಊರಲ್ಲ. ಹಿಡಿದದ್ದನ್ನ ಮುಗಿಯೋ ತನಕ ಬಿಡಲಿಲ್ಲ. ಸ್ವಯಂಸೇವೆ ಅಂದ್ರೆ ನನಗೆ ಈಗ ಕಾಣೋದು ಅಷ್ಟೇ: ಮತ್ತೆ ಹೋಗೋದು. ಹೋಗೋಕಾಗಲ್ಲ ಅಂದ್ರೆ ಮೊದಲೇ ಹೇಳೋದು.

ಹಾಗಾದ್ರೆ ಏನು ಮಾಡಬೇಕು? ಬರೀ ಬೈದು ಹೋಗೋದು ಸುಲಭ, ಹಾಗಾಗಿ ನನಗೆ ತೋಚಿದ ನಾಲ್ಕು ಮಾತು. ಕೆಲಸದ ಪಟ್ಟಿ ಕಾಲೇಜಲ್ಲಿ ಆಗೋದು ಬೇಡ, ಕ್ಯಾಂಪಿಗೆ ತಿಂಗಳು ಮುಂಚೆ ಇಬ್ಬರು ಹೋಗಿ ಊರಿನವರನ್ನ ಕೇಳಿಕೊಂಡು ಬರಲಿ. ಮೊದಲ ವರ್ಷದವರು ಯಾವ ಊರಿಗೆ ಹೋದರೋ ನಾಲ್ಕೂ ವರ್ಷ ಅದೇ ಊರಿಗೆ ಹೋಗಲಿ, ತಾವು ಹೋಗಲಾಗದಿದ್ರೆ ಜೂನಿಯರ್‌ಗಳನ್ನ ಕರ್ಕೊಂಡು ಹೋಗಿ ಪರಿಚಯ ಮಾಡಿಸಿ ಬರಲಿ. ಸಹಿ ಊರಿನವರದಿರಲಿ, ಅದೂ ಕ್ಯಾಂಪು ಮುಗಿದ ದಿನ ಅಲ್ಲ, ಒಂದು ಮಳೆಗಾಲ ಕಳೆದ ಮೇಲೆ. ಗಿಡ ಬದುಕಿದೆಯಾ, ಸಂಕ ನಿಂತಿದೆಯಾ ನೋಡಿ ಹಾಕಲಿ. ಕೊನೇದಾಗಿ, ಆ 'ವೈಯಕ್ತಿಕ ಬೆಳವಣಿಗೆ'ಯ ಪುಟ ಹರಿದು ಬಿಸಾಕಿ. ಹುಡುಗ ಬೆಳೆದಿದ್ರೆ ಅವರಮ್ಮನಿಗೆ ಗೊತ್ತಾಗುತ್ತೆ.

ಆ ಹಳ್ಳಕ್ಕೆ ಈಗ ಕಬ್ಬಿಣದ ಸಂಕ ಬಂದಿದೆ. ನನ್ನಿಂದಲ್ಲ, ಊರಿನವರು ಪಂಚಾಯ್ತಿಗೆ ಅಲೆದೂ ಅಲೆದು ಮಾಡಿಸಿಕೊಂಡದ್ದು. ನಾನು ವರ್ಷಕ್ಕೊಂದು ಸಲ ಹೋಗ್ತೀನಿ. ಮೇ ತಿಂಗಳಲ್ಲೇ. ಹೋದ ಸಲ ಅಜ್ಜಿ, ಗುಡ್ಡದ ಮೇಲಿಂದ ನೀರು ತರೋ ಅಬ್ಬಿ ಪೈಪಿನಲ್ಲಿ ಎಲೆ ಕಟ್ಟಿಕೊಂಡಿದೆ, ಯಜಮಾನರಿಗೆ ಹತ್ತೋಕೆ ಮಂಡಿನೋವು ಅಂದರು. ಹತ್ತಿ ಬಿಡಿಸಿ ಬಂದೆ. ಅರ್ಧ ದಿನದ ಕೆಲಸ. ಹಳೇ ಸಾಲ ತೀರಿತು ಅಂತ ನಾನು ಅಂದುಕೊಂಡಿಲ್ಲ.

ಚಿಕ್ಕಮ್ಮನ ಮಗನಿಗೆ ನಿನ್ನೆ ನಾನೇ ಫೋನ್ ಮಾಡಿದೆ. ಸರ್ಟಿಫಿಕೇಟ್ ಕೊಡಿಸಲ್ಲ, ಆದರೆ ಮುಂದಿನ ಸಲ ಸಂಸೆಗೆ ನನ್ನ ಜೊತೆ ಬಾ ಅಂದೆ. ಅಜ್ಜಿ ಏನು ಹೇಳ್ತಾರೋ ಅದನ್ನ ಮಾಡೋಣ, ಏನೂ ಬೇಡ ಅಂದ್ರೆ ಕಾಫಿ ಕುಡಿದು ಬರೋಣ ಅಂದೆ.

"ಪಾಯಿಂಟ್ ಸಿಗುತ್ತಾ?" ಅಂತ ಕೇಳಿದ.

"ಇಲ್ಲ" ಅಂದೆ.

ಯೋಚನೆ ಮಾಡಿ ಹೇಳ್ತೀನಿ ಅಂದಿದಾನೆ. ಇನ್ನೂ ಹೇಳಿಲ್ಲ.

ನೀವೂ ಕಾಲೇಜಿನಲ್ಲಿ ಇಂಥ ಒಂದು ಕ್ಯಾಂಪಿಗೆ ಹೋಗಿರ್ತೀರಿ, ಗಿಡ ನೆಟ್ಟಿರ್ತೀರಿ. ಆ ಊರಿಗೆ ಮತ್ತೆ ಹೋಗಿದ್ರಾ? ಹೇಳಿ. ಆದರೆ ನಿಜ ಹೇಳಿ, ನನ್ನ ಹಾಗೆ ತಡವಾಗಿಯಾದರೂ ಪರವಾಗಿಲ್ಲ.